ಬಾಲೌಷಧಪ್ರಾಶನ ಮೀಮಾಂಸೆ

ಪೀಠಿಕೆ

ನಾಲ್ಕು ಎಂಎಲ್ ಎಂದರೆ ಎಷ್ಟು ಮಹಾ? ಔಷಧಿಯ ಒಂದು ಚಮಚವೂ ತುಂಬುವುದಿಲ್ಲ. ಬಾಟಲಿಯಿಂದ ಮಗುವಿನ ಬಾಯಿಗೆ ಇರುವ ದೂರ ಹೆಚ್ಚೆಂದರೆ ಒಂದು ಮೊಳ. ಆದರೂ ಮೈಸೂರಿನ ಒಂದು ಮನೆಯಲ್ಲಿ ಮೊನ್ನೆ ಸೋಮವಾರ ಸಂಜೆ ಈ ನಾಲ್ಕು ಎಂಎಲ್ಲನ್ನು ಅಷ್ಟು ದೂರ ಸಾಗಿಸಲು ನಾಲ್ವರು ದೊಡ್ಡವರು, ಒಂದು ಗೊಂಬೆ, ಎರಡು ಟವೆಲ್ ಮತ್ತು ಒಂದು ಗಂಟೆ ಹತ್ತು ನಿಮಿಷ ಬೇಕಾದವು. ವಿಷಯದ ಗಾಂಭೀರ್ಯಕ್ಕೆ ಬೇರೆ ಪುರಾವೆ ಬೇಡ.

ಪ್ರಬಂಧಕರ್ತರು ಆ ಮನೆಯ ತಾತ, ನಿವೃತ್ತ ಉಪನ್ಯಾಸಕರು. ಅಧ್ಯಯನದ ವಸ್ತು ಅವರ ಮೊಮ್ಮಗಳು ಪುಟ್ಟಿ. ವಯಸ್ಸು ಎರಡೂವರೆ, ತೂಕ 12 ಕಿಲೋ, ಕಾಯಿಲೆ ಕಿವಿನೋವು. ಡಾಕ್ಟರು ಆ್ಯಂಟಿಬಯೋಟಿಕ್ ಡ್ರೈ ಸಿರಪ್ ಬರೆದುಕೊಟ್ಟಿದ್ದರು: ಬೆಳಿಗ್ಗೆ 4 ಎಂಎಲ್, ಸಂಜೆ 4 ಎಂಎಲ್, ಏಳು ದಿನ. ತಾತ ಅಲ್ಲೇ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದರು. 14 ಡೋಸು, ಒಟ್ಟು 56 ಎಂಎಲ್. ಮೆಡಿಕಲ್ ಶಾಪಿನವನು ಕೊಟ್ಟಿದ್ದು 30 ಎಂಎಲ್‌ನ ಎರಡು ಬಾಟಲಿ. ಗೋಡೆ, ದಿಂಬು, ಪಂಚೆಗಳಿಗೆಂದು ಉಳಿಯುವ ಮೀಸಲು 4 ಎಂಎಲ್, ಅಂದರೆ ಒಂದೇ ಒಂದು ಡೋಸು. ಈ ಅಂಕಿಯನ್ನು ಓದುಗರು ನೆನಪಿನಲ್ಲಿಡಬೇಕಾಗಿ ವಿನಂತಿ.

ಪರಿಭಾಷೆ

ಕನ್ನಡದಲ್ಲಿ ಈ ಕ್ರಿಯೆಗೆ ಮೂರು ಪದಗಳಿವೆ: ಔಷಧಿ ಕೊಡುವುದು, ಕುಡಿಸುವುದು, ಕುಡಿಯುವುದು. ಮೂರೂ ಒಂದೇ ಎಂದು ತಿಳಿದವರು ಮಕ್ಕಳಿಲ್ಲದವರು. ಕೊಡುವುದು ಡಾಕ್ಟರ ಕೆಲಸ, ಅದು ಸುಲಭ. ‘ಕುಡಿ’ ಧಾತುವಿಗೆ ‘ಇಸು’ ಪ್ರತ್ಯಯ ಹತ್ತಿದರೆ ‘ಕುಡಿಸು’ ಆಗುತ್ತದೆ. ಆಗ ಕುಡಿಯುವವರು ಒಬ್ಬರು, ಮಾಡಿಸುವವರು ಇನ್ನೊಬ್ಬರು ಎಂದು ವ್ಯಾಕರಣ ಹೇಳುತ್ತದೆ. ಆದರೆ ಈ ಮನೆಯಲ್ಲಿ ಮಾಡಿಸುವವರು ಯಾರು, ಮಾಡುವವರು ಯಾರು ಎಂಬುದೇ ವಿವಾದ. ‘ಉಗುಳು’ ಎಂಬ ಧಾತುವಿಗೆ ಮಾತ್ರ ಪ್ರತ್ಯಯದ ಹಂಗಿಲ್ಲ. ಅದನ್ನು ಯಾರೂ ಯಾರಿಂದಲೂ ಮಾಡಿಸಬೇಕಾಗಿಲ್ಲ.

ಕಹಿಯ ಪ್ರಮಾಣವಿಚಾರ

“ಏನೂ ಕಹಿ ಇಲ್ಲ ಪುಟ್ಟಿ, ಸ್ಟ್ರಾಬೆರಿ ವಾಸನೆ ನೋಡು” ಎಂದು ಅಮ್ಮ ಹೇಳಿದಳು. ತರ್ಕಶಾಸ್ತ್ರದಲ್ಲಿ ಇದು ಆಪ್ತವಾಕ್ಯ. ಪುಟ್ಟಿ ನಾಲಿಗೆಯ ತುದಿಯನ್ನಷ್ಟೇ ಔಷಧಿಯ ಅಳತೆ ಮುಚ್ಚಳಕ್ಕೆ ತಾಗಿಸಿ, ಪ್ರತ್ಯಕ್ಷ ಪ್ರಮಾಣದಿಂದ ಆಪ್ತವಾಕ್ಯವನ್ನು ಖಂಡಿಸಿದಳು: “ಕಯ್ಯಿ.”

ವಿಜ್ಞಾನ ಪುಟ್ಟಿಯ ಪಕ್ಷದಲ್ಲಿದೆ. ಮನುಷ್ಯನ ನಾಲಿಗೆಗೆ ಸಿಹಿ ಗುರುತಿಸಲು ಒಂದೇ ಜೋಡಿ ಗ್ರಾಹಕ ಸಾಕು. ಕಹಿಯನ್ನು ಕಾಯಲು ಸುಮಾರು 25 ಬಗೆಯ ಗ್ರಾಹಕಗಳಿವೆ. ಸಸ್ಯಗಳ ವಿಷ ಸಾಮಾನ್ಯವಾಗಿ ಕಹಿಯಾಗಿರುವುದರಿಂದ, ಕಾಡಿನಲ್ಲಿ ಸಿಕ್ಕಿದ್ದನ್ನು ಬಾಯಿಗಿಟ್ಟು ಥೂ ಎಂದ ಮಗು ಬದುಕಿ ಉಳಿಯಿತು. ಪುಟ್ಟಿ ಆ ವಂಶದವಳು.

ಒಂದೇ ಪದಾರ್ಥ ಎಲ್ಲರಿಗೂ ಒಂದೇ ಅಲ್ಲ ಎಂಬುದೂ ಸಿದ್ಧವಾಗಿದೆ. 1931ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಪ್ರಯೋಗಶಾಲೆಯಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನಶಾಸ್ತ್ರಜ್ಞನ ಕೈಯಿಂದ ಪಿಟಿಸಿ ಎಂಬ ಪುಡಿ ಗಾಳಿಗೆ ಹಾರಿತು. ಪಕ್ಕದಲ್ಲಿದ್ದವನು ಬಾಯೆಲ್ಲ ಕಹಿ ಎಂದ. ಫಾಕ್ಸ್‌ಗೆ ಏನೂ ಅನ್ನಿಸಲಿಲ್ಲ. ವ್ಯತ್ಯಾಸ ಇದ್ದದ್ದು ಅವರವರ ವಂಶವಾಹಿಯಲ್ಲಿ. 2005ರಲ್ಲಿ ಫಿಲಡೆಲ್ಫಿಯಾದ ಮೋನೆಲ್ ಸಂಸ್ಥೆಯ ಸಂಶೋಧಕರು ತಾಯಂದಿರನ್ನೂ ಮಕ್ಕಳನ್ನೂ ಒಟ್ಟಿಗೆ ಪರೀಕ್ಷಿಸಿದಾಗ ಇನ್ನೊಂದು ಎಳೆ ಸಿಕ್ಕಿತು: ಕಹಿ ಹಿಡಿಯುವ ವಂಶವಾಹಿಯ ಒಂದು ಪ್ರತಿಯಷ್ಟೇ ಇರುವವರಲ್ಲಿ, ದೊಡ್ಡವರಿಗಿಂತ ಮಕ್ಕಳಿಗೆ ಕಹಿ ಬೇಗ ತಿಳಿಯುತ್ತದೆ. ಆದ್ದರಿಂದ ‘ನಾನು ಕುಡಿದು ನೋಡಿದೆ, ಕಹಿ ಇಲ್ಲ’ ಎಂಬ ತಾಯಿಯ ಸಾಕ್ಷ್ಯ ಪ್ರಾಮಾಣಿಕವಾಗಿರಬಹುದು, ಪ್ರಮಾಣವಾಗಲಾರದು.

ಪೂರ್ವಸೂರಿಗಳು

ಸುಶ್ರುತ ಈ ಕ್ಷೇತ್ರದ ಆದ್ಯ ಆಚಾರ್ಯ. ಅವನು ಮಕ್ಕಳನ್ನು ಹಾಲುಣ್ಣುವವರು, ಹಾಲೂ ಅನ್ನವೂ ಉಣ್ಣುವವರು, ಅನ್ನ ಉಣ್ಣುವವರು ಎಂದು ಮೂರಾಗಿ ವಿಂಗಡಿಸಿದ. ಮೊದಲ ಎರಡು ವರ್ಗಗಳಲ್ಲಿ ಹಾಲೂಡುವವಳೂ ಮದ್ದು ಕುಡಿಯಬೇಕು, ಮೂರನೆಯದರಲ್ಲಿ ಮಗುವೊಂದೇ. ಮುದ್ದೆ, ಮಸಾಲೆದೋಸೆ, ಅಜ್ಜಿಯ ತಟ್ಟೆಯ ಉಪ್ಪಿನಕಾಯಿ ಯಾವುದನ್ನೂ ಬಿಡದ ಪುಟ್ಟಿ ಮೂರನೆಯ ವರ್ಗದವಳು. ತನಗೆ ಕೊಟ್ಟಿದ್ದರೆ ಒಂದೇ ಗುಟುಕಿಗೆ ಮುಗಿಸುತ್ತಿದ್ದೆನಲ್ಲ ಎಂದು ಅಮ್ಮ ಆ ಸಂಜೆ ಎರಡು ಸಲ ಹೇಳಿದಳು.

ಕ್ರಿಸ್ತಪೂರ್ವ ಒಂದನೇ ಶತಮಾನದ ರೋಮನ್ ಕವಿ ಲುಕ್ರೀಷಿಯಸ್, ವೈದ್ಯರು ಮಕ್ಕಳಿಗೆ ಮಾಚಿಪತ್ರೆಯ ಜಾತಿಯ ಕಹಿ ಕಷಾಯ ಕುಡಿಸುವಾಗ ಬಟ್ಟಲಿನ ಅಂಚಿಗೆ ಜೇನುತುಪ್ಪ ಸವರುತ್ತಿದ್ದರೆಂದು ಬರೆದಿದ್ದಾನೆ. ಅವನ ಉದ್ದೇಶ ಮಕ್ಕಳ ಚಿಕಿತ್ಸೆಯಲ್ಲ. ಕಠಿಣ ತತ್ತ್ವಶಾಸ್ತ್ರವನ್ನು ಪದ್ಯದಲ್ಲಿ ಯಾಕೆ ಬರೆದೆ ಎಂಬುದಕ್ಕೆ ಕೊಟ್ಟ ಸಮಜಾಯಿಷಿ. ಈ ಉಲ್ಲೇಖವನ್ನು ತಾತ ಓದಿ ಹೇಳಿದ್ದೇ ತಡ ಅಜ್ಜಿ ಜೇನಿನ ಬಾಟಲಿ ಹಿಡಿದು ಬಂದರು. ಎರಡೂವರೆ ವರ್ಷದ ಮಗುವಿಗೆ ಅಡ್ಡಿಯಿಲ್ಲ. ವರ್ಷ ತುಂಬದ ಕೂಸಿಗೆ ಮಾತ್ರ ಜೇನು ನೆಕ್ಕಿಸಬಾರದು. ಅದರಲ್ಲಿರಬಹುದಾದ ಸೂಕ್ಷ್ಮಾಣುವಿನಿಂದ ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಪುಟ್ಟಿ ಅಂಚಿನ ಜೇನನ್ನು ಶುದ್ಧವಾಗಿ ನೆಕ್ಕಿ, ಮುಚ್ಚಳವನ್ನು ವಾಪಸು ಕೊಟ್ಟಳು. ಲುಕ್ರೀಷಿಯಸ್‌ಗೆ ಮಕ್ಕಳ ಅನುಭವ ಕಡಿಮೆ ಎಂದು ತಾತ ಅಡಿಟಿಪ್ಪಣಿ ಬರೆದುಕೊಂಡರು.

ಇತ್ತ ಕನ್ನಡನಾಡಿನ ಕೊಡುಗೆ ಒಳಲೆ. ಮೂತಿಯಿರುವ ಆ ಪುಟ್ಟ ಬಟ್ಟಲಿನಲ್ಲಿ ಬಜೆ, ಜಾಯಿಕಾಯಿ, ಅಳಲೆಕಾಯಿ ತೇದದ್ದನ್ನು ತೊಡೆಯ ಮೇಲೆ ಮಲಗಿಸಿಕೊಂಡ ಕೂಸಿನ ಬಾಯಿಗೆ ಹೊಯ್ಯುತ್ತಿದ್ದರು. ಹರಳೆಣ್ಣೆಯ ಭಾನುವಾರಗಳ ವಿಷಯ ಬಂದಾಗ ತಾತ, ಅಜ್ಜಿ ಇಬ್ಬರ ಮುಖವೂ ಒಟ್ಟಿಗೆ ಹುಳ್ಳಗಾಯಿತು. ಅರವತ್ತು ವರ್ಷವಾದರೂ ನಾಲಿಗೆ ಮರೆತಿಲ್ಲ.

ಆಧುನಿಕರು ತದ್ವಿರುದ್ಧ ದಾರಿ ಹಿಡಿದರು: ಔಷಧಿಯನ್ನೇ ರುಚಿ ಮಾಡಿಬಿಟ್ಟರು. 1947ರಲ್ಲಿ ಅಮೆರಿಕದಲ್ಲಿ ಕಿತ್ತಳೆ ರುಚಿಯ ಮಕ್ಕಳ ಆ್ಯಸ್ಪಿರಿನ್ ಬಂತು. ಮಕ್ಕಳು ಕೇಳಿ ತಿಂದರು, ಕೇಳದೆಯೂ ತಿಂದರು. ಮಿಠಾಯಿಯೆಂದು ಬಾಟಲಿ ಖಾಲಿ ಮಾಡಿದ ಮಕ್ಕಳು ಆಸ್ಪತ್ರೆ ಸೇರತೊಡಗಿದರು. ಇಂಥ ಪ್ರಕರಣಗಳನ್ನು ನೋಡಿ ಸಾಕಾದ ಕೆನಡಾದ ವೈದ್ಯ ಆನ್ರಿ ಬ್ರೋ 1967ರಲ್ಲಿ ಒತ್ತಿ ತಿರುಗಿಸುವ ಮುಚ್ಚಳವನ್ನು ಬಳಕೆಗೆ ತಂದರು. 1970ರಲ್ಲಿ ಅಮೆರಿಕದಲ್ಲಿ ಇಂಥ ಮುಚ್ಚಳಗಳಿಗೆಂದೇ ಕಾನೂನಾಯಿತು. ಮಕ್ಕಳು ತೆರೆಯಲಾಗದ ಆ ಮುಚ್ಚಳವನ್ನು ತಾತಂದಿರೂ ತೆರೆಯಲಾರರು ಎಂಬುದು ಸೋಮವಾರ ಸಂಜೆ ಏಳೂ ಹತ್ತಕ್ಕೆ ದೃಢಪಟ್ಟಿತು.

ಮಾನದಂಡ ನಿರ್ಣಯ

ಮುಚ್ಚಳ ತೆರೆದ ಮೇಲೆ ತಾತ ಅಡುಗೆಮನೆಯಿಂದ ಚಮಚ ತಂದರು. ಸೊಸೆ ತಡೆದಳು. “ಮಾವ, ಅದು ಬೇಡ. ಒಂದೊಂದು ಚಮಚ ಒಂದೊಂದು ಅಳತೆ.”

ಸೊಸೆಯ ವಾದಕ್ಕೆ ಗ್ರೀಸಿನ ಬೆಂಬಲವಿದೆ. 2010ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಅಲ್ಲಿ 25 ಮನೆಗಳ ಚಮಚಗಳನ್ನು ಅಳೆದಾಗ, ಟೀ ಚಮಚ ಎನ್ನಿಸಿಕೊಂಡವು 2.5 ಎಂಎಲ್‌ನಿಂದ 7.3 ಎಂಎಲ್‌ವರೆಗೆ ಹಿಡಿದವು. ಒಂದೇ ಹೆಸರು, ಸುಮಾರು ಮೂರು ಪಟ್ಟು ಅಂತರ. ಜ್ವರದ ಔಷಧಿಯಲ್ಲಿ ತೊಡಕು ಇನ್ನೂ ಹೆಚ್ಚು. ಡಾಕ್ಟರು 12 ಕಿಲೋ ಮಗುವಿಗೆ 180 ಮಿಲಿಗ್ರಾಂ ಪ್ಯಾರಾಸಿಟಮಾಲ್ ಎಂದು ನಿಗದಿ ಮಾಡಿದರೆ, ಐದು ಎಂಎಲ್‌ನಲ್ಲಿ 120 ಮಿಲಿಗ್ರಾಂ ಇರುವ ಸಿರಪ್ಪಿನಲ್ಲಿ ಅದು 7.5 ಎಂಎಲ್, 250 ಇರುವುದರಲ್ಲಿ 3.6 ಎಂಎಲ್, ಎಂಎಲ್‌ಗೆ 100 ಇರುವ ಡ್ರಾಪ್ಸ್‌ನಲ್ಲಿ 1.8 ಎಂಎಲ್ ಅಷ್ಟೇ. ಡ್ರಾಪ್ಸನ್ನು ಮೊದಲ ಸಿರಪ್ಪಿನ ಅಳತೆಯಲ್ಲಿ ಸುರಿದರೆ ನಾಲ್ಕು ಪಟ್ಟು ಮೀರುತ್ತದೆ. ಚಮಚ ಒಗ್ಗರಣೆ ಡಬ್ಬಿಗೆ ಮರಳಿತು.

ಉಪಾಯಸಪ್ತಕ

ಸಾಮ ದಾನ ಭೇದ ದಂಡ ಎಂಬ ನಾಲ್ಕೇ ಉಪಾಯಗಳು ಜನಕ್ಕೆ ಗೊತ್ತು. ಕಾಮಂದಕನ ನೀತಿಸಾರ ಅವಕ್ಕೆ ಮಾಯೆ, ಉಪೇಕ್ಷೆ, ಇಂದ್ರಜಾಲ ಸೇರಿಸಿ ಏಳು ಮಾಡಿತು. ಕಾಮಂದಕ ಬರೆದದ್ದು ಶತ್ರುರಾಜರ ವಿಷಯ. ಪುಟ್ಟಿಗೂ ಅನ್ವಯಿಸಬಹುದೆಂದು ತಾತ ಊಹಿಸಿದರು.

ಸಾಮ. ಅಜ್ಜಿ: “ನನ್ನ ಬಂಗಾರ, ಜಾಣ ಮರಿ ಅಲ್ವಾ ನೀನು?” ಪುಟ್ಟಿ: “ಹೂಂ.” ಅಜ್ಜಿ: “ಜಾಣ ಮರಿ ಔಷಧಿ ಕುಡಿಯುತ್ತೆ.” ಪುಟ್ಟಿ ಜಾಣತನಕ್ಕೆ ರಾಜೀನಾಮೆ ಕೊಟ್ಟಳು.

ದಾನ. ಅಪ್ಪ ಚಾಕೊಲೇಟ್ ತೋರಿಸಿದ. ಪುಟ್ಟಿ ಮುಂಗಡ ಕೇಳಿದಳು. ಕೊಟ್ಟದ್ದು ಕರಗಿತು, ಕರಾರು ಮುರಿಯಿತು. ಔಷಧಿಯನ್ನೇ ಚಾಕೊಲೇಟ್ ಎಂದು ಕರೆಯೋಣವೆಂಬ ಅಪ್ಪನ ತಿದ್ದುಪಡಿ 1947ರ ಆ್ಯಸ್ಪಿರಿನ್ನಿನ ನೆನಪಿನಿಂದ ಬಿದ್ದುಹೋಯಿತು.

ಭೇದ. “ಸರಿ ಬಿಡು, ಪಕ್ಕದ್ಮನೆ ಪಾಪುಗೆ ಕೊಟ್ಬಿಡ್ತೀನಿ” ಎಂದಳು ಅಮ್ಮ. ಪುಟ್ಟಿ ಮುಚ್ಚಳವನ್ನು ಎರಡೂ ಕೈಯಲ್ಲಿ ಜೋಪಾನವಾಗಿ ಅಮ್ಮನ ಕಡೆಗೆ ತಳ್ಳಿದಳು. “ಕೊಡು.” ಇಂಥ ಔದಾರ್ಯವನ್ನು ಕಾಮಂದಕ ನಿರೀಕ್ಷಿಸಿರಲಿಲ್ಲ.

ದಂಡ. ಈ ಭಾಗ ಬರೆಯಲು ಪ್ರಬಂಧಕರ್ತರಿಗೆ ಸಂಕೋಚವಿದೆ. ತಾತ ತಲೆ ಹಿಡಿದರು, ಅಪ್ಪ ಕೈ ಹಿಡಿದ, ಅಜ್ಜಿ ಹಳೆಯ ಕಾಲದ ಕ್ರಮದಂತೆ ಮೂಗು ಒತ್ತಿದರು. ಕೂಗಲು ತೆರೆದ ಬಾಯಿಗೆ ಔಷಧಿ ಹೋಯಿತು, ಕ್ಷಣಮಾತ್ರ ಅಲ್ಲಿದ್ದು, ಬಂದ ದಾರಿಯಲ್ಲೇ ತಾತನ ಪಂಚೆಗೆ ಮರಳಿತು. ಮಕ್ಕಳ ವೈದ್ಯರು ಇದನ್ನು ಸಾರಾಸಗಟಾಗಿ ಬೇಡವೆನ್ನುತ್ತಾರೆ: ಮೂಗು ಮುಚ್ಚಿಸಿಕೊಂಡು ಅಳುತ್ತಿರುವ ಮಗು ಉಸಿರೆಳೆದಾಗ ಔಷಧಿ ಶ್ವಾಸನಾಳಕ್ಕೆ ಇಳಿಯಬಹುದು. ಡಾಕ್ಟರಿಗೆ ಫೋನ್ ಹೋಯಿತು. “ಪೂರ್ತಿ ಉಗುಳಿದಳು ತಾನೇ? ಹಾಗಾದರೆ ಇನ್ನೊಮ್ಮೆ ಕೊಡಿ. ಹಿಡಿದು ಒತ್ತಬೇಡಿ” ಎಂದರು. ಮೀಸಲು 4 ಎಂಎಲ್ ಅಲ್ಲಿಗೆ ಖರ್ಚಾಯಿತು.

ಮಾಯೆ. ಒಂದು ಲೋಟ ಹಾಲಿಗೆ ಬೆರೆಸಿಬಿಡೋಣ ಎಂದರು ತಾತ. ಅಮ್ಮ ಮತ್ತೆ ತಡೆದಳು. ಅರ್ಧ ಲೋಟ ಕುಡಿದು ಎದ್ದುಹೋದರೆ ಒಳಗೆ ಹೋದದ್ದು ಎಷ್ಟು ಎಂಎಲ್? ಅದಕ್ಕಿಂತ ದೊಡ್ಡ ನಷ್ಟ, ನಾಳೆಯಿಂದ ಹಾಲೂ ಶಂಕಿತರ ಪಟ್ಟಿಗೆ ಸೇರುತ್ತದೆ. ಬೆರೆಸಲೇಬೇಕಾದರೆ ಡಾಕ್ಟರನ್ನು ಕೇಳಿ, ಒಂದೇ ತುತ್ತಿನಲ್ಲಿ ಮುಗಿಯುವಷ್ಟಕ್ಕೆ ಬೆರೆಸಬೇಕು. ಕೆಲವು ಔಷಧಿಗಳು ಬೆರಕೆಯಿಂದ ಇನ್ನಷ್ಟು ಕೆಡುತ್ತವೆ. ಕ್ಲಾರಿತ್ರೊಮೈಸಿನ್ ಸಿರಪ್ಪಿನ ಕಣಗಳಿಗೆ ಕಹಿ ಮುಚ್ಚಲು ಬಳಿದ ಲೇಪ ಹುಳಿ ಹಣ್ಣಿನ ರಸದಲ್ಲಿ ಬಿಟ್ಟುಕೊಂಡು, ಅಡಗಿದ್ದ ಕಹಿಯೆಲ್ಲ ಹೊರಬರುತ್ತದೆ.

ಉಪೇಕ್ಷೆ. ಎಲ್ಲರೂ ಸುಮ್ಮನಾದರು. ಇದು ಸೋಲಲ್ಲ, ಉಪಾಯ ಎಂದು ತಾತ ಪಿಸುಗುಟ್ಟಿದರು. ಹತ್ತು ನಿಮಿಷದಲ್ಲಿ ಪುಟ್ಟಿ ಅಳು ಮರೆತು, ಮೆಡಿಕಲ್ ಶಾಪಿನಿಂದ ತಂದಿದ್ದ ಸೂಜಿಯಿಲ್ಲದ ಸಿರಿಂಜನ್ನು ಎತ್ತಿಕೊಂಡು ಗೊಂಬೆಯ ಹೊಟ್ಟೆಗೆ ಒತ್ತಿದಳು. “ಪೆಟ್ರೋಲು.”

ಇಂದ್ರಜಾಲ. ತಾತ ಎದ್ದು ನಿಂತರು. ಮೂವತ್ತು ವರ್ಷ ಪಾಠ ಮಾಡಿದ ಮನುಷ್ಯ ಹೆಗಲಿಗೆ ಟವೆಲ್ ಹಾಕಿಕೊಂಡು ಪೆಟ್ರೋಲ್ ಬಂಕಿನ ಹುಡುಗನಾದರು. ಗೊಂಬೆಯ ಟ್ಯಾಂಕಿಗೆ ನೀರು ಬಿತ್ತು. ಮುಂದಿನ ಗಾಡಿ ಪುಟ್ಟಿ.

“ಎಷ್ಟು ಹಾಕ್ಲಿ ಮೇಡಂ?”

“ಫುಲ್ಲು.”

“ಜೀರೋ ನೋಡ್ಕೊಳ್ಳಿ ಮೇಡಂ.”

ಪುಟ್ಟಿ ಸಿರಿಂಜಿನ ಗೆರೆಗಳನ್ನು ಗಂಭೀರವಾಗಿ ನೋಡಿಕೊಂಡಳು.

ಈ ಆಟದ ನಿಯಮಗಳನ್ನೂ ವೈದ್ಯರ ಸಲಹೆಯನ್ನೂ ಅಕ್ಕಪಕ್ಕ ಇಟ್ಟರೆ ಆಶ್ಚರ್ಯವಾಗುವಷ್ಟು ಹೊಂದುತ್ತವೆ. ಪೆಟ್ರೋಲ್ ಹಾಕುವಾಗ ಗಾಡಿ ನಿಂತಿರಬೇಕು: ಮಗು ನೆಟ್ಟಗೆ ಕೂತಿರಬೇಕು, ಮಲಗಿರಬಾರದು. ಎಂಜಿನ್ ಆಫ್ ಆಗಿರಬೇಕು: ಅಳು ನಿಂತಿರಬೇಕು. ಟ್ಯಾಂಕಿನ ಬಾಯಿ ಪಕ್ಕದಲ್ಲಿರುತ್ತದೆ: ಸಿರಿಂಜಿನ ತುದಿ ಗಂಟಲಿಗೆ ನೇರವಾಗಿರದೆ ಕೆನ್ನೆಗೂ ವಸಡಿಗೂ ನಡುವೆ ಇರಬೇಕು. ಒಂದೇ ಸಲ ಸುರಿದರೆ ಚೆಲ್ಲುತ್ತದೆ: ಸ್ವಲ್ಪ ಸ್ವಲ್ಪವೇ ಬಿಟ್ಟು ನುಂಗಲು ಸಮಯ ಕೊಡಬೇಕು. ಮೊದಲ ಎಂಎಲ್ಲನ್ನು ತಾತ ಒತ್ತಿದರು. ಉಳಿದ ಮೂರನ್ನು ಪುಟ್ಟಿ ತಾತನ ಕೈ ಸರಿಸಿ ತಾನೇ ಒತ್ತಿಕೊಂಡಳು, ಮುಖ ಕಿವುಚಿದಳು, “ಕಯ್ಯಿ” ಎಂದಳು, ನುಂಗಿದಳು. ಆಮೇಲೆ ಅಂಗೈ ಚಾಚಿ ಬಂಕಿನವನಿಗೆ ದುಡ್ಡು ಕೊಟ್ಟಳು. ಗಂಟೆ ಎಂಟೂ ಇಪ್ಪತ್ತು.

ಪೂರ್ವಪಕ್ಷ ಮತ್ತು ಸಮಾಧಾನ

ಆಕ್ಷೇಪ: ಇದೆಲ್ಲ ಯಾಕೆ, ಪೋಲಿಯೋ ಹನಿಯನ್ನು ಕೋಟ್ಯಂತರ ಮಕ್ಕಳು ಕುಡಿಯಲಿಲ್ಲವೇ? ಸಮಾಧಾನ: 1995ರಲ್ಲಿ ಶುರುವಾದ ಪಲ್ಸ್ ಪೋಲಿಯೋದಲ್ಲಿ ಪ್ರತಿ ಮಗುವಿಗೆ ಸಲಕ್ಕೆ ಎರಡೇ ಹನಿ. ಅಷ್ಟರಿಂದ ಭಾರತ 2014ರಲ್ಲಿ ಪೋಲಿಯೋಮುಕ್ತವೆಂದು ಘೋಷಣೆಯಾಯಿತು. ಪುಟ್ಟಿಯದು ಎರಡು ಹನಿಯಲ್ಲ, ಐವತ್ತಾರು ಎಂಎಲ್.

ಆಕ್ಷೇಪ: ಪೋಲಿಯೋ ಲಸಿಕೆಯನ್ನು ಸಕ್ಕರೆಯಲ್ಲಿ ಕೊಟ್ಟವರಿಲ್ಲವೇ? ಇದ್ದಾರೆ. ಅಮೆರಿಕದಲ್ಲಿ ಸಕ್ಕರೆ ತುಂಡಿಗೆ ಹನಿಸಿ ಕೊಡುತ್ತಿದ್ದರು. ಶಾಲೆಯಿಂದ ಬಂದ ಮಗ ಇದನ್ನು ಹೇಳಿದ್ದೇ ಗೀತರಚನೆಕಾರ ರಾಬರ್ಟ್ ಶೆರ್ಮನ್‌ಗೆ ಹೊಳಹು ಕೊಟ್ಟು, 1964ರ ‘ಮೇರಿ ಪಾಪಿನ್ಸ್’ ಚಿತ್ರದ ಸಕ್ಕರೆ ಚಮಚದ ಹಾಡು ಹುಟ್ಟಿತು. ಆ ಹಾಡಿಗಿಂತ ತಮ್ಮ ಬಂಕು ಮೇಲೆಂದು ತಾತ ಇಲ್ಲಿ ಎರಡು ಪುಟ ಬರೆದಿದ್ದರು. ಸಂಪಾದಕಿಯಾದ ಅಜ್ಜಿ ಹೊಡೆದುಹಾಕಿದರು.

ಅನುಬಂಧ: ಸೋಮವಾರ ರಾತ್ರಿಯ ಲೆಕ್ಕ

ಒಳಗೆ ಹೋದದ್ದು 4 ಎಂಎಲ್. ಪಂಚೆಗೆ 4 ಎಂಎಲ್. ಸ್ಟ್ರಾಬೆರಿ ಕಲೆ ಸೋಪಿಗೆ ಹೋಗಿಲ್ಲ. ಮೀಸಲು ಸೊನ್ನೆ. ಬಾಟಲಿ ಫ್ರಿಜ್ಜಿನ ಮೇಲಿನ ಶೆಲ್ಫಿನಲ್ಲಿ, ಕಲಸಿದ ತಾರೀಕು ಬರೆದ ಚೀಟಿಯೊಂದಿಗೆ. ಎರಡನೆಯದು ಇನ್ನೂ ಪುಡಿಯಾಗಿಯೇ ಇದೆ. ಬಾಕಿ ಡೋಸು 13.

ಬೆಳಿಗ್ಗೆ ಎಂಟಕ್ಕೆ ಬಂಕು ತೆರೆಯುತ್ತದೆಂದು ತಾತ ಮಲಗುವ ಮುಂಚೆ ಪುಟ್ಟಿಗೆ ನೆನಪಿಸಿದರು. ಅವಳು ಕಣ್ಣು ಮುಚ್ಚಿಕೊಂಡೇ ಸ್ವಲ್ಪ ಯೋಚಿಸಿದಳು.

“ನಾಳೆ ಪುಟ್ಟಿ ಸೈಕಲ್ಲು.”