ಹತ್ತೇ ನಿಮಿಷದ ಅಡುಗೆ

ದಿಢೀರ್ ಅಡುಗೆ ಎಂದರೆ ಒಲೆಯ ಮುಂದೆ ಹತ್ತು ನಿಮಿಷ ನಿಂತರೆ ಆಗಿಹೋಗುವ ಅಡುಗೆ. ಈ ಹತ್ತು ನಿಮಿಷ ಎಲ್ಲಿಂದ ಶುರು ಎಂಬ ವಿಷಯದಲ್ಲಿ ಮಾತ್ರ ಹೇಳಿಕೊಡುವವರಿಗೂ ಮಾಡುವವರಿಗೂ ಹೊಂದಿಕೆಯಾಗುವುದಿಲ್ಲ. ಹೇಳಿಕೊಡುವವರ ಗಡಿಯಾರ ಓಡತೊಡಗುವುದು ಬಾಣಲೆಯಲ್ಲಿ ಸಾಸಿವೆ ಸಿಡಿದ ಮೇಲೆ. ಅದಕ್ಕೆ ಮುಂಚೆ ಕಾಯಿ ಒಡೆಯಬೇಕು, ಕೊಳೆತಿಲ್ಲವೆಂದು ಮೂಸಿ ನೋಡಬೇಕು, ತುರಿಯುವ ಮಣೆ ಹುಡುಕಬೇಕು, ಬೆರಳು ತುರಿದುಕೊಳ್ಳದೆ ಕಾಯಿಯನ್ನಷ್ಟೇ ತುರಿಯಬೇಕು. ‘ಕಾಯಿತುರಿ ಒಂದು ಬಟ್ಟಲು’ ಎಂದು ಬರೆಯುವುದಕ್ಕೆ ಇಷ್ಟೆಲ್ಲ ತಾಪತ್ರಯವಿಲ್ಲ.

ಅಳತೆಯ ಭಾಷೆಯೂ ತುರ್ತಿಗೆ ಒದಗುವಂಥದ್ದಲ್ಲ. ಹುಣಸೆಹಣ್ಣು ನಿಂಬೆ ಗಾತ್ರದ್ದು, ಬೆಲ್ಲ ಅಡಿಕೆ ಗಾತ್ರದ್ದು, ಮೆಣಸಿನಕಾಯಿ ‘ಖಾರ ನೋಡಿಕೊಂಡು’, ಹುರಿಯುವುದು ‘ಘಂ ಅನ್ನುವವರೆಗೆ’. ಮಾರುಕಟ್ಟೆಯಲ್ಲಿ ನಿಂಬೆಹಣ್ಣು ಗೋಲಿಯಿಂದ ಹಿಡಿದು ಮೋಸಂಬಿಯವರೆಗೆ ಎಲ್ಲ ಗಾತ್ರದಲ್ಲೂ ಸಿಗುತ್ತದೆ. ಇಡೀ ಅಡಿಕೆಯನ್ನು ಕಣ್ಣಾರೆ ಕಾಣದೆ ಇಂಜಿನಿಯರಾದವರು ಬೆಂಗಳೂರಿನಲ್ಲಿ ಬೇಕಾದಷ್ಟು ಜನ. ಅಂಥವರು ಬೆಳಿಗ್ಗೆ ಏಳೂವರೆಗೆ ಊರಿಗೆ ಫೋನು ಹಚ್ಚಿ, ‘ಅಮ್ಮಾ, ಸ್ವಲ್ಪ ಅಂದ್ರೆ ಎಷ್ಟು ಚಮಚ?’ ಎಂದು ಕೇಳುತ್ತಾರೆ. ‘ಸ್ವಲ್ಪ ಅಂದ್ರೆ ಸ್ವಲ್ಪ ಕಣೋ’ ಎಂಬ ಉತ್ತರದೊಂದಿಗೆ ಆ ಪಾಠ ಮುಗಿಯುತ್ತದೆ.

ಅವಸರದವರ ಪಾಲಿಗೆ ಅವಲಕ್ಕಿಗೆ ಮಿಗಿಲಾದ ಬಂಧುವಿಲ್ಲ. ಭತ್ತವನ್ನು ನೆನೆಸಿ, ಹುರಿದು, ಬಿಸಿಯಿರುವಾಗಲೇ ಕುಟ್ಟಿ ಚಪ್ಪಟೆ ಮಾಡಿರುವುದರಿಂದ ಅದರ ಅಡುಗೆ ಅಂಗಡಿಗೆ ಬರುವ ಮೊದಲೇ ಮುಕ್ಕಾಲುಪಾಲು ಮುಗಿದಿರುತ್ತದೆ. ಮೈಸೂರು ಕಡೆಯ ಗೊಜ್ಜವಲಕ್ಕಿಗೆ ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ಒಂದೆರಡು ಸುತ್ತು ತಿರುಗಿಸಿ ತರಿಯಾಗಿ ಒಡೆದುಕೊಳ್ಳಬೇಕು. ಮೂರನೆಯ ಸುತ್ತಿಗೆ ಅದು ಹಿಟ್ಟಾಗುತ್ತದೆ; ಆಮೇಲೆ ಗೊಜ್ಜವಲಕ್ಕಿಯ ಆಸೆ ಬಿಟ್ಟು ರೊಟ್ಟಿ ತಟ್ಟುವುದು ಲೇಸು. ಹುಣಸೆರಸ, ಬೆಲ್ಲ, ಉಪ್ಪು, ಸಾರಿನ ಪುಡಿ ಕದಡಿದ ನೀರನ್ನು ತರಿಯ ಮೇಲೆ ಅದು ಮುಳುಗುವಷ್ಟು ಮಾತ್ರ ಸುರಿದು ಕಾಲು ಗಂಟೆ ಮುಚ್ಚಿಟ್ಟರೆ, ಅಷ್ಟರಲ್ಲಿ ಮನೆಯವರ ಸ್ನಾನವಾಗುತ್ತದೆ. ನಂತರ ಬೆರಳಾಡಿಸಿ ಉದುರು ಮಾಡಿ, ಕಡಲೆಕಾಯಿ ಬೀಜ, ಕಡಲೆಬೇಳೆ, ಒಣಮೆಣಸಿನಕಾಯಿ, ಕರಿಬೇವು, ಇಂಗಿನ ಒಗ್ಗರಣೆಯಲ್ಲಿ ಹೊರಳಿಸಿ, ಮೇಲೊಂದು ಹಿಡಿ ಒಣಕೊಬ್ಬರಿ ತುರಿ ಉದುರಿಸಿದರಾಯಿತು. ಕರಾವಳಿಯವರು ಒಲೆಯ ಗೊಡವೆಯನ್ನೂ ಇಟ್ಟುಕೊಳ್ಳದೆ ತೆಳು ಅವಲಕ್ಕಿಗೆ ಕಾಯಿತುರಿ, ಬೆಲ್ಲ, ಖಾರ, ಉಪ್ಪು ಹಾಕಿ ಕೈಯಲ್ಲೇ ಕಲಸಿ ತಿಂದು ಬಸ್ಸು ಹತ್ತುತ್ತಾರೆ.

ಉತ್ತರ ಕರ್ನಾಟಕದಲ್ಲಿ ಇದೇ ಕೆಲಸ ಚುರುಮುರಿಯ ಪಾಲಿಗೆ ಬಂದಿದೆ. ನೀರಲ್ಲಿ ಅದ್ದಿ, ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಷಿಣದ ಒಗ್ಗರಣೆಗೆ ಸುರಿದು, ಪುಟಾಣಿ ಹಿಟ್ಟು ಉದುರಿಸಿದರೆ ಸುಸಲಾ ತಯಾರು. ಅದ್ದುವುದಕ್ಕೂ ಹಿಂಡುವುದಕ್ಕೂ ನಡುವೆ ಆಫೀಸಿನಿಂದ ಫೋನು ಬಂದರೆ ಮಾತ್ರ ಸುಸಲಾ ಹೋಗಿ ಅಂಬಲಿಯಾಗುತ್ತದೆ.

ಉಪ್ಪಿಟ್ಟಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಾಸ್ಟೆಲುಗಳಲ್ಲಿ ಅದಕ್ಕೆ ಕಾಂಕ್ರೀಟು ಎಂಬ ಬಿರುದು ಬರಲು ಕಾರಣ ರವೆಯಲ್ಲ, ಅಡುಗೆಯವರ ನೀರಿನ ಜಿಪುಣತನ. ಒಂದು ಲೋಟ ರವೆಗೆ ಎರಡೂವರೆ ಲೋಟ ನೀರು, ಇಳಿಸುವಾಗ ಒಂದು ಚಮಚ ತುಪ್ಪ, ಅರ್ಧ ಹೋಳು ನಿಂಬೆರಸ ಬಿದ್ದರೆ ಬೈದವರೇ ಎರಡನೆಯ ಸಲ ಹಾಕಿಸಿಕೊಳ್ಳುತ್ತಾರೆ.

ಇಡ್ಲಿಗೆ ಅವಸರ ಒಗ್ಗಿಬರಲು ಬಹಳ ಕಾಲ ಹಿಡಿಯಿತು. ಸುಮಾರು 920ರದೆಂದು ಹೇಳುವ ವಡ್ಡಾರಾಧನೆಯಲ್ಲೇ ಇಡ್ಡಲಿಗೆಯ ಹೆಸರಿದೆ. ಎರಡನೆಯ ಮಹಾಯುದ್ಧದ ಕಾಲಕ್ಕೆ ಅಕ್ಕಿಗೆ ತತ್ವಾರ ಬಂದಾಗ ಬೆಂಗಳೂರಿನ ಎಂ.ಟಿ.ಆರ್. ಹೋಟೆಲಿನವರು ರವೆಯಲ್ಲಿ ಇಡ್ಲಿ ಮಾಡಿದರೆಂದು ಆ ಹೋಟೆಲಿನ ಚರಿತ್ರೆ ಹೇಳುತ್ತದೆ. ಹುರಿದ ರವೆಗೆ ಮೊಸರು, ಚಿಟಿಕೆ ಸೋಡ ಬಿದ್ದರೆ ಸಾಕು, ರಾತ್ರಿಯಿಡೀ ಹುಳಿ ಬರಲು ಕಾಯುವುದು ತಪ್ಪುತ್ತದೆ. ಒಂದು ರಾತ್ರಿಯ ಉಳಿತಾಯಕ್ಕೆ ಸಾವಿರ ವರ್ಷ ತೆಗೆದುಕೊಂಡ ಇನ್ನೊಂದು ತಿಂಡಿ ಸಿಗುವುದು ಕಷ್ಟ.

ಸಾರು, ಹುಳಿ ಎಂದು ಬೇಳೆ ಬೇಯಿಸಲು ಪುರುಸೊತ್ತಿಲ್ಲದವರಿಗೆ ಮಲೆನಾಡಿನ ತಂಬುಳಿಯಿದೆ. ಹತ್ತು ಹನ್ನೆರಡು ದೊಡ್ಡಪತ್ರೆ ಎಲೆಗಳನ್ನು ಜೀರಿಗೆ, ನಾಲ್ಕು ಕಾಳುಮೆಣಸಿನೊಂದಿಗೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿಯ ಜೊತೆ ರುಬ್ಬಿ, ಮಜ್ಜಿಗೆಗೆ ಬೆರೆಸಿ, ಉಪ್ಪು ಹಾಕಿದರೆ ಮುಗಿಯಿತು. ಕುದಿಸುವ ಹಾಗಿಲ್ಲ, ಕುದಿಸಿದರೆ ಮಜ್ಜಿಗೆ ಒಡೆಯುತ್ತದೆ. ಅಡುಗೆಗೆ ಬೇಜಾರು ಪಟ್ಟವರೇ ಇದನ್ನು ಕಂಡುಹಿಡಿದಿರಬೇಕು ಎನ್ನಿಸುವಷ್ಟು ಸುಲಭ. ಗಿಡಕ್ಕೆ ಹಿತ್ತಲೇ ಬೇಕೆಂದಿಲ್ಲ. ಮೂರನೆಯ ಮಹಡಿಯ ಬಾಲ್ಕನಿಯ ಕುಂಡದಲ್ಲೂ, ನೀರುಣಿಸಲು ಮರೆತರೂ, ದೊಡ್ಡಪತ್ರೆ ಹಬ್ಬಿಕೊಳ್ಳುತ್ತದೆ.

ಇಷ್ಟಾದರೂ ದಿಢೀರ್ ಅಡುಗೆಯ ನಿಜವಾದ ಬಂಡವಾಳ ಒಲೆಯ ಮೇಲಿಲ್ಲ, ಶೆಲ್ಫಿನ ಡಬ್ಬಿಗಳಲ್ಲಿದೆ. ಪುಳಿಯೋಗರೆ ಗೊಜ್ಜು, ಸಾರಿನ ಪುಡಿ, ಶೇಂಗಾ ಚಟ್ನಿಪುಡಿ ಇದ್ದ ಮನೆಯಲ್ಲಿ ಯಾರು ಬೇಕಾದರೂ ಐದು ನಿಮಿಷದಲ್ಲಿ ಊಟಕ್ಕೆ ಬಡಿಸಿ ಜಂಬ ಕೊಚ್ಚಿಕೊಳ್ಳಬಹುದು. ಆ ಡಬ್ಬಿ ತುಂಬಿಸಲು ಯಾರೋ ಒಬ್ಬರು ಏಪ್ರಿಲ್ ಬಿಸಿಲಲ್ಲಿ ಮೆಣಸಿನಕಾಯಿ ಒಣಗಿಸಿ, ಕೊತ್ತಂಬರಿ ಬೀಜ ಹುರಿದು, ಮಿಲ್ಲಿನ ಸಾಲಿನಲ್ಲಿ ಸೀನುತ್ತ ನಿಂತಿರುತ್ತಾರೆ. ಅವರ ಹೊತ್ತು ಯಾವ ಪಾಕವಿಧಾನದ ಲೆಕ್ಕಕ್ಕೂ ಬರುವುದಿಲ್ಲ. ಅಮೆರಿಕಕ್ಕೆ ಹೊರಟ ಮಗನ 23 ಕಿಲೋ ಸೂಟ್‌ಕೇಸಿನಲ್ಲಿ ಮಾತ್ರ ಅದು ತೂಕಕ್ಕೆ ಸಿಗುತ್ತದೆ. ಭಾರ ಜಾಸ್ತಿಯಾಯಿತೆಂದು ವಿಮಾನ ನಿಲ್ದಾಣದಲ್ಲಿ ಅಂಗಿ, ಪುಸ್ತಕ ತೆಗೆದು ತಂದೆಯ ಕೈಗೆ ಕೊಟ್ಟಾರೇ ಹೊರತು, ಸಾರಿನ ಪುಡಿಯ ಪೊಟ್ಟಣ ಮುಟ್ಟುವವರಿಲ್ಲ.

ಡಬ್ಬಿಗೆ ಕಟ್ಟಿಕೊಂಡು ಹೋಗುವವರಿಗೆ ಕೊನೆಯದಾಗಿ ಮೊಸರನ್ನ. ಬೆಳಿಗ್ಗೆ ಮೊಸರಲ್ಲೇ ಕಲಸಿದರೆ ಮಧ್ಯಾಹ್ನಕ್ಕೆ ಹುಳಿಯೇರಿ, ಮುಚ್ಚಳ ತೆಗೆದೊಡನೆ ಪಕ್ಕದ ಮೇಜಿನವರಿಗೂ ವಾರ್ತೆ ಮುಟ್ಟುತ್ತದೆ. ಮೆತ್ತಗಾದ ಅನ್ನವನ್ನು ಹಿಸುಕಿ, ಉಗುರುಬೆಚ್ಚಗಿನ ಹಾಲು ಧಾರಾಳವಾಗಿ ಸುರಿದು, ಒಂದೇ ಚಮಚ ಮೊಸರು ಕಲಸಿ, ಸಾಸಿವೆ, ಶುಂಠಿ, ಹಸಿಮೆಣಸಿನಕಾಯಿ ಒಗ್ಗರಣೆ ಕೊಡಬೇಕು. ಅನ್ನ ಸುಡುತ್ತಿದ್ದರೆ ಹೆಪ್ಪು ಸತ್ತುಹೋಗುತ್ತದೆ, ತೀರಾ ತಣ್ಣಗಿದ್ದರೆ ಕೂರುವುದಿಲ್ಲ. ಹದ ಸರಿಯಾಗಿದ್ದರೆ ಎಂಟು ಗಂಟೆಗೆ ಮನೆ ಬಿಟ್ಟ ಡಬ್ಬಿ ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಲ್ಲೇ ಹೆಪ್ಪುಗಟ್ಟತೊಡಗಿ, ಒಂದು ಗಂಟೆಯ ಊಟಕ್ಕೆ ಸರಿಯಾಗಿ ಮೊಸರನ್ನವಾಗಿರುತ್ತದೆ.