ಗೋಲಪ್ಪನವರ ಗೋಲು

ಬೆಳಗಿನ ಆರು ಗಂಟೆಗೆ ಕೆಂಗೇರಿ ಉಪನಗರದ ಪಾರ್ಕಿಗೆ ಹೋಗುವವರಿಗೆ ಗೋಲಪ್ಪನವರ ಪರಿಚಯ ಬೇರೆ ಮಾಡಿಕೊಡಬೇಕಾಗಿಲ್ಲ. ಮನೆಯಲ್ಲಿಟ್ಟ ಹೆಸರು ಅದಲ್ಲ. ಜನ ಕರೆಯುವುದು ಹಾಗೆ, ಅದೂ ಅವರು ಅತ್ತ ತಿರುಗಿದ ಮೇಲೆ. ಇಂಥವರು ಊರಿಗೆ ಒಬ್ಬರೇ ಎಂದೂ ತಿಳಿಯಬೇಡಿ. ರಾಜಾಜಿನಗರದಲ್ಲಿ, ಬಸವೇಶ್ವರನಗರದಲ್ಲಿ ಬೀದಿಗೊಬ್ಬರಿದ್ದಾರೆ. ವಿಜಯನಗರದಲ್ಲಂತೂ ಕೆಎಎಸ್, ಐಎಎಸ್ ಕೋಚಿಂಗ್ ಸೆಂಟರುಗಳ ಬೋರ್ಡಿನ ಕೆಳಗೆ ಹೋಲ್‌ಸೇಲಾಗಿ ಸಿಗುತ್ತಾರೆ. ಐವತ್ತು ದಾಟಿದ ವಯಸ್ಸು, ಕಂಪನಿಯಿಂದ ವಿಆರ್‌ಎಸ್, ಆಮೇಲೆ ನಾಲ್ಕು ವರ್ಷ ವಿಮೆ ಪಾಲಿಸಿ ಮಾರಾಟ, ಈಗ 'ಲೈಫ್ ಕೋಚ್'. ಕಾಲಿಗೆ ಫುಟ್‌ಬಾಲ್ ಆಟಗಾರರು ಜಾಹೀರಾತು ಮಾಡುವ ಶೂ. ಕಂಕುಳಲ್ಲಿ ಹೊಸ ವರ್ಷಕ್ಕೆ ಬಿಟ್ಟಿ ಬಂದ ಡೈರಿ. ಅದರ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ 'ಮೈ ಗೋಲ್ಸ್'.

ಅವರು ನಮಸ್ಕಾರ ಹೇಳುವುದು ಕಡಿಮೆ. ಎದುರಿಗೆ ಸಿಕ್ಕವರನ್ನು ನಿಲ್ಲಿಸಿ ನೇರ ವಿಷಯಕ್ಕೆ ಬರುತ್ತಾರೆ.

"ಏನಪ್ಪಾ, ಮುಂದಿನ ಐದು ವರ್ಷಕ್ಕೆ ನಿನ್ನ ಗೋಲ್ ಏನು?" ಎಂದು ಹಾಲಿನ ಬೂತಿನವನನ್ನು ಕೇಳಿದರು.

"ಸರ್, ಮೊದ್ಲು ಹೋದ ತಿಂಗಳ ಬಾಕಿ ಕೊಡಿ."

"ಅದು ಶಾರ್ಟ್ ಟರ್ಮ್ ಕಣಯ್ಯ!"

ಪಿಯುಸಿ ಹುಡುಗ ಸಿಕ್ಕಿ "ಫಿಸಿಕ್ಸ್ ಪಾಸಾದ್ರೆ ಸಾಕು ಅಂಕಲ್" ಎಂದರೆ, "ಅದು ಟಾಸ್ಕು, ಗೋಲ್ ಅಲ್ಲ" ಎಂದು ತಿದ್ದುತ್ತಾರೆ. ಎದುರು ಮನೆಗೆ ಬಾಡಿಗೆಗೆ ಬಂದ ಕೊಡಗಿನ ಯುವಕನಿಗೆ ಮಾತ್ರ ಈ ಮಟ್ಟುಗಳು ಗೊತ್ತಿರಲಿಲ್ಲ. "ನಿಮ್ಮ ಗೋಲು?" ಎಂದು ಕೇಳಿದ್ದಕ್ಕೆ ಆತ ಬಹಳ ಸಂಕೋಚದಿಂದ, "ಎರಡು ಸರ್. ಆದ್ರೂ ಸೆಕೆಂಡ್ ರೌಂಡಲ್ಲಿ ಸೋತ್ವಿ" ಎಂದ. ಅವನು ಹೇಳಿದ್ದು ಕೊಡವ ಕುಟುಂಬಗಳ ಹಾಕಿ ಹಬ್ಬದ ವಿಚಾರ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಆ ಹಬ್ಬದಲ್ಲಿ ಒಂದೊಂದು ಮನೆತನದ್ದೂ ಒಂದೊಂದು ತಂಡ. 2024ರಲ್ಲಿ ನಾಪೋಕ್ಲಿನಲ್ಲಿ 360 ಕುಟುಂಬಗಳು ಆಡಿದವು, ಗಿನ್ನೆಸ್ ದಾಖಲೆಯೂ ಆಯಿತು. ಗೋಲಪ್ಪನವರು ಒಂದು ಕ್ಷಣ ತಬ್ಬಿಬ್ಬಾದರು. ಅಷ್ಟು ದಿನ ಅಷ್ಟು ಜನರನ್ನು ಕೇಳಿದ್ದರಲ್ಲ, ಗೋಲು ಹೊಡೆದು ಬಂದವನು ಸಿಕ್ಕಿದ್ದು ಅದೇ ಮೊದಲು.

ಇಂಗ್ಲಿಷಿನ ಈ ಪದ ಎಲ್ಲಿಂದ ಹುಟ್ಟಿತೆಂದು ಇಂಗ್ಲಿಷಿನವರೇ ಖಚಿತವಾಗಿ ಹೇಳಲಾರರು. ಹದಿನಾರನೆಯ ಶತಮಾನದ ಹೊತ್ತಿಗೆ ಓಟದ ಕೊನೆಯ ಗೆರೆಗೂ ಅದೇ, ಚೆಂಡಾಟದ ಗೋಲಿಗೂ ಅದೇ, ಮನುಷ್ಯನ ಹಂಬಲಕ್ಕೂ ಅದೇ ಎಂದು ಅಲ್ಲಿ ಬಳಕೆಯಾಗತೊಡಗಿತ್ತು. ನಮ್ಮಲ್ಲಿಗೆ ಬರುವಾಗ ಅದು ಎರಡು ಬಾಗಿಲಿನಿಂದ ಬಂತು. ಕ್ರೀಡಾಪುಟದವರು ಅದಕ್ಕೆ ಒಂದು ಉಕಾರ ಹಚ್ಚಿ 'ಗೋಲು' ಮಾಡಿ, 'ಬಾರಿಸು', 'ಹೊಡೆ', 'ಗಳಿಸು' ಎಂಬ ಗಟ್ಟಿ ಕ್ರಿಯಾಪದಗಳನ್ನು ಜೋಡಿಸಿ ಪೂರ್ತಿ ಕನ್ನಡದ್ದನ್ನಾಗಿ ಮಾಡಿಕೊಂಡರು. ಗೋಲಪ್ಪನವರಂಥವರ ಬಾಯಲ್ಲಿ ಅದು ಮೊಟಕಾಗಿ 'ಗೋಲ್' ಆಗಿಯೇ ಉಳಿಯಿತು. ಅದನ್ನು ಯಾರೂ ಹೊಡೆಯುವುದಿಲ್ಲ. 'ಸೆಟ್' ಮಾಡುತ್ತಾರೆ, 'ಇಟ್ಟುಕೊಳ್ಳುತ್ತಾರೆ'. ನಮ್ಮ ಗೋಲಪ್ಪನವರ ಇಡೀ ಸ್ವಭಾವ ಈ ಎರಡು ಕ್ರಿಯಾಪದಗಳ ನಡುವೆ ಇದೆ. ಅವರು ಇಟ್ಟುಕೊಂಡದ್ದನ್ನೇ ಹೊಡೆದ ಲೆಕ್ಕಕ್ಕೆ ಸೇರಿಸುತ್ತಾರೆ.

ಮನೆಯವರು ಈ ಪದವನ್ನು ಉಚ್ಚರಿಸುವ ರೀತಿಯೇ ಬೇರೆ. "ಇವರದು ದಿನಾ ಇದೇ ಗೋಳು" ಎನ್ನುತ್ತಾರೆ.

ಭಾನುವಾರ ಸಂಜೆ ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಅವರ ಉಪನ್ಯಾಸವಿರುತ್ತದೆ. ಬೋಂಡ, ಕಾಫಿ ಉಂಟು. ಉಪನ್ಯಾಸದ ಜೀವಾಳ ಒಂದು ಕಥೆ: ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1953ರಲ್ಲಿ ಓದು ಮುಗಿಸಿದವರಲ್ಲಿ ಶೇಕಡ 3 ಮಂದಿ ಮಾತ್ರ ತಮ್ಮ ಗೋಲನ್ನು ಬರೆದಿಟ್ಟಿದ್ದರಂತೆ, ಇಪ್ಪತ್ತು ವರ್ಷದ ಮೇಲೆ ನೋಡಿದರೆ ಆ ಶೇಕಡ 3 ಮಂದಿಯ ಆಸ್ತಿ ಉಳಿದ ಶೇಕಡ 97 ಮಂದಿಯದಕ್ಕಿಂತ ಹೆಚ್ಚಾಗಿತ್ತಂತೆ. ಕಥೆ ಚೆನ್ನಾಗಿದೆ. ತೊಂದರೆಯೆಂದರೆ ಅಂಥ ಅಧ್ಯಯನವೇ ನಡೆದಿಲ್ಲ. 'ಫಾಸ್ಟ್ ಕಂಪನಿ' ಪತ್ರಿಕೆ 1996ರಲ್ಲಿ ಇದರ ಬೆನ್ನು ಹತ್ತಿದಾಗ ಒಬ್ಬ ಭಾಷಣಕಾರ ಇನ್ನೊಬ್ಬನ ಕಡೆ, ಆ ಇನ್ನೊಬ್ಬ ಮತ್ತೊಬ್ಬನ ಕಡೆ ಕೈ ತೋರಿಸಿದರೇ ಹೊರತು ಮೂಲ ಮಾತ್ರ ಸಿಗಲಿಲ್ಲ. ಇದನ್ನು ಸಭೆಯಲ್ಲಿ ಒಬ್ಬ ಹುಡುಗಿ ಮೊಬೈಲಿನಲ್ಲಿ ತೆಗೆದು ತೋರಿಸಿದಳು. ಗೋಲಪ್ಪನವರು ಕನ್ನಡಕ ಏರಿಸಿ ಓದಿ, "ಹಾಗಾದ್ರೆ ಹಾರ್ವರ್ಡ್ ಇರ್ಬೇಕು" ಎಂದು ಮುಂದಿನ ಸ್ಲೈಡಿಗೆ ಹೋದರು. ಹಾರ್ವರ್ಡಿನ ಹೆಸರಿನಲ್ಲೂ ಅದೇ ಕಥೆ ಓಡಾಡುತ್ತಿದೆ, ಅದಕ್ಕೂ ಅಷ್ಟೇ ಆಧಾರ.

ಮುಂದಿನ ಸ್ಲೈಡು 'ಸ್ಮಾರ್ಟ್ ಗೋಲ್'. ಇದಕ್ಕಾದರೆ ಮೂಲವಿದೆ. 1981ರ ನವೆಂಬರಿನಲ್ಲಿ ಜಾರ್ಜ್ ಡೋರನ್ ಎಂಬಾತ 'ಮ್ಯಾನೇಜ್‌ಮೆಂಟ್ ರಿವ್ಯೂ' ಪತ್ರಿಕೆಯಲ್ಲಿ ಎರಡು ಪುಟದ ಲೇಖನ ಬರೆದು, ಗೋಲಿಗೆ ಇರಬೇಕಾದ ಐದು ಲಕ್ಷಣಗಳನ್ನು 'ಸ್ಮಾರ್ಟ್' ಪದದ ಒಂದೊಂದು ಇಂಗ್ಲಿಷ್ ಅಕ್ಷರಕ್ಕೆ ಕಟ್ಟಿದ. ಈಗಿನವರು 'ಎ' ಅಕ್ಷರಕ್ಕೆ 'ಸಾಧಿಸಲು ಆಗುವಂಥದ್ದು' ಎಂದು ಅರ್ಥ ಹೇಳುತ್ತಾರೆ. ಡೋರನ್ ಹೇಳಿದ್ದು ಅದಲ್ಲ, 'ಯಾರು ಮಾಡಬೇಕೆಂದು ವಹಿಸಿಕೊಡುವಂಥದ್ದು'. ಗೋಲಪ್ಪನವರು ಆ ಲೇಖನ ಓದಿಲ್ಲ, ಆದರೂ ಪಾಲಿಸುವುದು ಮೂಲಪಾಠವನ್ನೇ. ತಾವು ಇಪ್ಪತ್ತೈದನೇ ವಯಸ್ಸಿನಲ್ಲಿ ಇಟ್ಟುಕೊಂಡಿದ್ದ ಕೆಎಎಸ್ ಗೋಲನ್ನು ಮಗನಿಗೆ ವಹಿಸಿದ್ದಾರೆ. ಇಂಗ್ಲಿಷ್ ಕಲಿಯುವ ಗೋಲು ಹೆಂಡತಿಗೆ. ಹತ್ತು ಕೆಜಿ ಇಳಿಸುವ ಗೋಲು ಮಾತ್ರ ಯಾರೂ ವಹಿಸಿಕೊಳ್ಳದೆ ಅವರ ಹತ್ತಿರವೇ ಇದೆ, ಬೋಂಡದ ತಟ್ಟೆಯ ಪಕ್ಕದಲ್ಲಿ.

ಅವರಿಗೆ ಆಟಗಾರರ ಮೇಲೆ ಅಪಾರ ಪ್ರೀತಿ. ಭಾಷಣದಲ್ಲಿ ಮೆಸ್ಸಿ ಬರುತ್ತಾನೆ, ರೊನಾಲ್ಡೊ ಬರುತ್ತಾನೆ. ಸಾರಂಗಪಾಣಿ ರಾಮನ್ ಬರುವುದಿಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತದ ಬಹುಪಾಲು ಹುಡುಗರು ಬರಿಗಾಲಲ್ಲಿ ಫ್ರಾನ್ಸ್ ವಿರುದ್ಧ ಆಡಿದರಲ್ಲ, ಆ ಪಂದ್ಯದಲ್ಲಿ ಒಲಿಂಪಿಕ್ಸ್ ಫುಟ್‌ಬಾಲಿನ ಭಾರತದ ಮೊದಲ ಗೋಲು ಹೊಡೆದವರು ಮೈಸೂರು ರಾಜ್ಯ ತಂಡದ ಈ ರಾಮನ್. ಎರಡು ಪೆನಾಲ್ಟಿ ಕೈತಪ್ಪಿ ನಾವು 1-2ರಲ್ಲಿ ಸೋತೆವು. ಸಂತೋಷ್ ಟ್ರೋಫಿಯ ಮಾತೂ ಭಾಷಣದಲ್ಲಿಲ್ಲ. 1968-69ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ಗೆದ್ದ ಮೇಲೆ 54 ವರ್ಷ ಕಾದು, 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಆ ಕಪ್ಪನ್ನು ಮತ್ತೆ ತಂದಿತು. ಐದು ವರ್ಷದ ಪ್ಲಾನಿನವರಿಗೆ 54 ವರ್ಷ ಕಾಯುವ ಉದಾಹರಣೆ ಹಿಡಿಸುವುದಿಲ್ಲವೇನೋ.

2021ರ ಆಗಸ್ಟ್ 5ರ ಬೆಳಗ್ಗೆ ಏಳಕ್ಕೆ ಟೋಕಿಯೊ ಒಲಿಂಪಿಕ್ಸಿನ ಕಂಚಿನ ಪದಕದ ಹಾಕಿ ಪಂದ್ಯ. ಬೇಕರಿಯ ಟೀವಿ ಮುಂದೆ ಗುಂಪು, ಗುಂಪಿನ ಮುಂದೆ ಗೋಲಪ್ಪನವರು. ಭಾರತ 1-3ರಲ್ಲಿ ಹಿಂದಿದ್ದಾಗ "ಗೋಲ್ ಕ್ಲಾರಿಟಿ ಇಲ್ಲ" ಎಂದರು. 5-3 ಆದಾಗ "ಈಗ ಕ್ಲಾರಿಟಿ ಬಂತು" ಎಂದರು. 5-4 ಆಯಿತು. ಪಂದ್ಯ ಮುಗಿಯಲು ಏಳು ಸೆಕೆಂಡೂ ಇಲ್ಲ ಎನ್ನುವಾಗ ಜರ್ಮನಿಗೆ ಪೆನಾಲ್ಟಿ ಕಾರ್ನರ್. ಬನ್ನು ಕಚ್ಚಿದವರು ನುಂಗಲಿಲ್ಲ. ಶ್ರೀಜೇಶ್ ತಡೆದರು, 41 ವರ್ಷಗಳ ಮೇಲೆ ಪದಕ ಬಂತು, ಗೋಲ್‌ಕೀಪರ್ ಹೋಗಿ ಗೋಲ್ ಪೋಸ್ಟಿನ ಮೇಲೇ ಕುಳಿತರು. "ನೋಡಿದ್ರಾ, ಗೋಲ್ ಇದ್ದೋರು ಹೀಗಿರ್ತಾರೆ" ಎಂದು ಗೋಲಪ್ಪನವರು ಕಣ್ಣೊರೆಸಿಕೊಂಡರು. ಬೇಕರಿಯ ಹುಡುಗ ಟೀ ಲೋಟ ಎತ್ತುತ್ತಾ, "ಸಾರ್, ಅವ್ರು ಗೋಲ್ ಆಗ್ದಂಗೆ ನೋಡ್ಕೊಂಡ್ರು" ಎಂದ. ಆ ಹುಡುಗನ ಮೇಲೆ ಒಂದು ವಾರ ಮುನಿಸಿತ್ತು.

ಆ ತಂಡ ಟೋಕಿಯೊಗೆ ತಯಾರಾದದ್ದು ಎಲ್ಲಿ ಎಂದು ಗೋಲಪ್ಪನವರಿಗೆ ಗೊತ್ತಿರಲಿಲ್ಲ. ನಮ್ಮ ಪಕ್ಕದಲ್ಲೇ. ಜ್ಞಾನಭಾರತಿ ಆವರಣದ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲಿ ದೇಶದ ಪುರುಷರ, ಮಹಿಳೆಯರ ಹಾಕಿ ಶಿಬಿರಗಳು ನಡೆಯುತ್ತವೆ; 2020ರ ಲಾಕ್‌ಡೌನಿನಲ್ಲಿ ಎರಡೂ ತಂಡಗಳು ಊರಿಗೆ ಹೋಗಲಾಗದೆ ಅಲ್ಲೇ ಉಳಿದಿದ್ದವು. ಟೋಕಿಯೊದಲ್ಲಿ ಆಸ್ಟ್ರೇಲಿಯಾವನ್ನು ಒಂದೇ ಗೋಲಿನಿಂದ ಮನೆಗೆ ಕಳಿಸಿದ ಗುರ್ಜೀತ್ ಕೌರ್, ಪ್ಯಾರಿಸ್ಸಿನಲ್ಲಿ 10 ಗೋಲು ಹೊಡೆದ ಹರ್ಮನ್‌ಪ್ರೀತ್ ಸಿಂಗ್ ಇಬ್ಬರೂ ಪೆನಾಲ್ಟಿ ಕಾರ್ನರಿನ ಕೈಚಳಕ ತೀಡಿದ ಅಂಗಳ ಅದು. ಕೆಂಗೇರಿಯಿಂದ ಮೆಟ್ರೊದಲ್ಲಿ ಮೂರನೇ ಸ್ಟೇಷನ್ನು. ಗೋಲಪ್ಪನವರು ಆ ದಾರಿಯಲ್ಲಿ ವಾರಕ್ಕೆ ನಾಲ್ಕು ಸಲ ಹೋಗುತ್ತಾರೆ, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ಗೋಲಿನ ಬಗ್ಗೆ ಅಮೆರಿಕದವನೊಬ್ಬನ ಉಪನ್ಯಾಸ ಕೇಳುತ್ತಾ.

ಮೆಟ್ರೊ ವಿಷಯ ಬಂದಾಗ ಒಂದು ಮಾತು. ಗಡುವು ಮುಂದೆ ಸರಿಯುವುದನ್ನು ಕೆಂಗೇರಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾಯಂಡಹಳ್ಳಿಯಿಂದ ಈಚೆಗೆ ಕಂಬಗಳನ್ನಷ್ಟೇ ನೋಡುತ್ತಾ ಎಷ್ಟು ಗಡುವು ಕಳೆದ ಮೇಲೆ 2021ರ ಆಗಸ್ಟ್ ಕೊನೆಗೆ ರೈಲು ಬಂತು; ಚಲ್ಲಘಟ್ಟಕ್ಕೆ ಹೋಗಲು ಮತ್ತೆ 2023ರ ಅಕ್ಟೋಬರ್ 9 ಬರಬೇಕಾಯಿತು. ಆದರೂ ರೈಲು ಬಂತಲ್ಲ. ಗೋಲಪ್ಪನವರ ಡೈರಿಯಲ್ಲಿ ಉಲ್ಲಾಳದ ಕಡೆಯ ಮೂವತ್ತು-ನಲವತ್ತರ ಸೈಟು ಪ್ರತಿ ಜನವರಿ 1ಕ್ಕೂ ಹೊಸ ಇಂಕಿನಲ್ಲಿ ಬರುತ್ತದೆ.

ಅವರ ಹಳೆಯ ವೃತ್ತಿಯೇ ಅವರಿಗೆ ಪಾಠ ಹೇಳಬಹುದಿತ್ತು. ಮಾರ್ಚ್ ಬಂತೆಂದರೆ ಟಾರ್ಗೆಟ್ಟಿಗಾಗಿ ಅವರು ಮಾಡಿದ ಫೋನನ್ನು ಸೋದರಮಾವನೂ ಎತ್ತುತ್ತಿರಲಿಲ್ಲ. ಎರಡು ಪಾಲಿಸಿಯ ಕಂತು ಅವರೇ ಕಟ್ಟಿ ಗೋಲು ಮುಟ್ಟಿಸಿದ್ದರು. ಫುಟ್‌ಬಾಲಿನವರು ಅದಕ್ಕೆ ಸ್ವಂತ ಗೋಲು ಎನ್ನುತ್ತಾರೆ. ದೊಡ್ಡ ಕಂಪನಿಗಳಲ್ಲೂ ಇದು ಆಗಿದೆ. 1990ರ ದಶಕದ ಮೊದಲಲ್ಲಿ ಅಮೆರಿಕದ ಸಿಯರ್ಸ್ ತನ್ನ ಕಾರು ರಿಪೇರಿ ಸಿಬ್ಬಂದಿಗೆ ಗಂಟೆಗೆ 147 ಡಾಲರ್ ದುಡಿಯುವ ಗೋಲು ಇಟ್ಟಿತು. ಅವರು ಕೆಡದ ಭಾಗಗಳನ್ನೂ ರಿಪೇರಿ ಮಾಡಿ ಗೋಲು ಮುಟ್ಟಿದರು, ಹೆಸರು ಹೋಯಿತು. 2009ರಲ್ಲಿ ನಾಲ್ವರು ವಿದ್ವಾಂಸರು ಇಂಥವನ್ನೆಲ್ಲ ಒಟ್ಟು ಮಾಡಿ, ಗೋಲು ಎಂಬುದು ಔಷಧಿಯ ಹಾಗೆ ಎಚ್ಚರಿಕೆಯ ಚೀಟಿ ಹಚ್ಚಿ ಕೊಡಬೇಕಾದ್ದು ಎಂದು ಹಾರ್ವರ್ಡಿನಿಂದಲೇ ಪ್ರಬಂಧ ಹೊರಡಿಸಿದರು. ಗೋಲಪ್ಪನವರಿಗೆ ಹಾರ್ವರ್ಡಿನ ಉಲ್ಲೇಖ ಬೇಕಾಗಿದ್ದರೆ ಇದಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ಅವರ ಪರವಾಗಿಯೂ ಒಂದು ಮಾತು ಹೇಳಬೇಕು. ಮನುಷ್ಯ ಕೆಟ್ಟವರಲ್ಲ. ಫೀಸು ಕಟ್ಟಲಾಗದ ಮಕ್ಕಳ ಅರ್ಜಿ ತುಂಬಿಕೊಡುತ್ತಾರೆ, ಸ್ಕಾಲರ್‌ಶಿಪ್ಪಿಗೆ ಕಚೇರಿ ಕಚೇರಿ ಅಲೆಯುತ್ತಾರೆ. ಡೈರಿಯಲ್ಲಿ ಅದನ್ನು ಬರೆಯುವುದಿಲ್ಲ, ಗೋಲ್ ಅಲ್ಲವಲ್ಲ.

ಕಳೆದ ಬೇಸಿಗೆ ರಜೆಯಲ್ಲಿ ಅವರ ಮನೆ ಹಿಂದಿನ ಖಾಲಿ ಜಾಗದಲ್ಲಿ ಹತ್ತಾರು ಹುಡುಗರು ಫುಟ್‌ಬಾಲ್ ಆಡುತ್ತಿದ್ದರು. ಒಂದು ಕಡೆ ಎರಡು ಸಿಮೆಂಟು ಇಟ್ಟಿಗೆ, ಇನ್ನೊಂದು ಕಡೆ ಒಂದು ಜೊತೆ ಚಪ್ಪಲಿ. ಅವುಗಳ ನಡುವೆ ಹೋದರೆ ಗೋಲು. ಚೆಂಡು ಚಪ್ಪಲಿಯ ಮೇಲೆ ಹಾದುಹೋಗಿ, ಒಳಗೋ ಹೊರಗೋ ಎಂದು ಜಗಳ ಹತ್ತಿತ್ತು. ಗೋಲಪ್ಪನವರು ಹೋಗಿ ಆಟ ನಿಲ್ಲಿಸಿದರು. ಸಾಲಾಗಿ ಕೂರಿಸಿ ಒಬ್ಬೊಬ್ಬನ ಗೋಲನ್ನೂ ಕೇಳಿದರು. ಡಾಕ್ಟರು, ಇಂಜಿನಿಯರು, ಯೂಟ್ಯೂಬರು ಎಂದೆಲ್ಲ ಬಂತು. ಕೊನೆಯಲ್ಲಿ ಕೂತಿದ್ದ ಚಪ್ಪಲಿಯ ಮಾಲೀಕ, "ಅಂಕಲ್, ಅದು ಗೋಲೋ ಅಲ್ವೋ ಮೊದ್ಲು ಹೇಳಿ" ಎಂದ. ಅಂಕಲ್ ಹತ್ತಿರ ಉತ್ತರವಿರಲಿಲ್ಲ. ಕತ್ತಲಾಯಿತು, ಹುಡುಗರು ಚಪ್ಪಲಿ ಮೆಟ್ಟಿಕೊಂಡು ಹೋದರು.

ಹಾಗಾಗಿ ಗೋಲಪ್ಪನವರಲ್ಲಿ, ಅವರಂಥ ಎಲ್ಲರಲ್ಲಿ ಒಂದು ಅರಿಕೆ. ಮುಂದಿನ ಭಾನುವಾರದ ಬೋಂಡ-ಕಾಫಿಯ ಖರ್ಚನ್ನು ಎತ್ತಿಟ್ಟು, ಬಡಾವಣೆಯ ಸಂಘದವರನ್ನೂ ಕಾರ್ಪೊರೇಷನ್ನಿನವರನ್ನೂ ಹಿಡಿದು, ಆ ಜಾಗದಲ್ಲಿ ಎರಡು ಕಡೆ ಗೋಲ್ ಪೋಸ್ಟ್ ನೆಡಿಸಿ. ಕಚೇರಿ ಅಲೆಯುವುದು ನಿಮಗೆ ಹೊಸದಲ್ಲ. ದೊಡ್ಡವರ ಅಳತೆ 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಮಕ್ಕಳಿಗೆ ಅದರ ಅರ್ಧ ಸಾಕು. ಬಲೆ ಆಮೇಲೆ ಹಾಕಿಸಿದರಾಯಿತು.