ನಗೆಯ ಖಜಾಂಚಿ

ರಾಯರ ಮನೆಗೆ ಹೋದರೆ ಮೊದಲು ಕೈ ತೊಳೆಯಬೇಕು. ಕಾಫಿ ಆಮೇಲೆ, ಅದೂ ಬೇರೆ ಕೋಣೆಯಲ್ಲಿ. ನಡುಮನೆಯ ಗಾಡ್ರೇಜ್ ಬೀರುವಿನ ತುಂಬ ಹಳೆಯ ನಗೆಪತ್ರಿಕೆಗಳು: ‘ಕೊರವಂಜಿ’, ‘ಶಂಕರ್ಸ್ ವೀಕ್ಲಿ’, ಬ್ರಿಟಿಷರ ‘ಪಂಚ್’, ಸಂದಿಗೊಂದಿಯಲ್ಲಿ ನುಸಿಗುಳಿಗೆ. ಶ್ರೀಮತಿಯವರ ರೇಷ್ಮೆ ಸೀರೆಗಳು ಯಾವತ್ತೋ ಮಂಚದಡಿಯ ಟ್ರಂಕು ಸೇರಿವೆ.

ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಗಳಲ್ಲಿ ರಾಯರ ಚೌಕಾಸಿ ನೋಡಬೇಕು. ಬೇಕಾದ ಸಂಚಿಕೆ ಕಣ್ಣಿಗೆ ಬಿದ್ದೊಡನೆ ಮುಖ ಆ ಕಡೆ ತಿರುಗುತ್ತದೆ. ಯಾವುದೋ ಡಿಪ್ಲೊಮಾ ಗೈಡು ಎತ್ತಿಕೊಂಡು ಹತ್ತು ನಿಮಿಷ ಜಗ್ಗಾಡಿ, ಕೊನೆಗೆ, “ಆ ಹರಕಲನ್ನೂ ಜೊತೆಗೆ ಹಾಕಪ್ಪ” ಎನ್ನುತ್ತಾರೆ.

“ಸಾರ್, ಅದು ಕೊರವಂಜಿ. ರಾಶಿಯವರದು. ಅದರ ರೇಟೇ ಬೇರೆ,” ಎನ್ನುತ್ತಾನೆ ಅಂಗಡಿಯವನು. ಗೈಡು ಗಂಟುಬೀಳುತ್ತದೆ.

ಇಷ್ಟೆಲ್ಲ ಪಾಡುಪಟ್ಟು ತಂದ ವ್ಯಂಗ್ಯಚಿತ್ರ ನೋಡಿ ರಾಯರು ನಕ್ಕಿದ್ದನ್ನು ಕಂಡವರಿಲ್ಲ. ನಗುವುದು ಅತಿಥಿಗಳ ಪಾಲಿನ ಕೆಲಸ. “ಈ ಛತ್ರಿಯವರು ಯಾರು ಹೇಳಿ?” ಎಂದು ಶುರುವಾಗುತ್ತದೆ. ಚೇಂಬರ್ಲೇನ್. ಅಲ್ಲಿಂದ 1938ರ ಮ್ಯೂನಿಕ್ ಒಪ್ಪಂದಕ್ಕೆ ಬರಲು ಮೊದಲನೇ ಮಹಾಯುದ್ಧವನ್ನು ಸುತ್ತಿಕೊಂಡೇ ಬರಬೇಕು. ಎಲ್ಲ ಮುಗಿಸಿ, “ಈಗ ನೋಡಿ!” ಎಂದು ನಮ್ಮ ಮುಖವನ್ನೇ ದಿಟ್ಟಿಸುತ್ತಾರೆ. ನಗದಿದ್ದರೆ ಒಪ್ಪಂದ ಮತ್ತೆ ಮೊದಲಿಂದ.

ವ್ಯಂಗ್ಯಚಿತ್ರಕಾರ ಶಂಕರ್ ಪ್ರಸಂಗಕ್ಕೆ ಮಾತ್ರ ದನಿ ಗದ್ಗದ. 1948ರಲ್ಲಿ ‘ವೀಕ್ಲಿ’ಯನ್ನು ಉದ್ಘಾಟಿಸಿದ ನೆಹರೂ, ತಮ್ಮನ್ನೂ ಬಿಡಬೇಡಿ ಎಂದರಂತೆ, ಶಂಕರ್ ಬಿಡಲೂ ಇಲ್ಲ. ಆ ಪತ್ರಿಕೆ 1975ರಲ್ಲಿ, ತುರ್ತುಪರಿಸ್ಥಿತಿಯ ನಡುವೆ ನಿಂತಿತು. ಕೇಳಿದವರು ಉದ್ಘಾಟನೆಯ ದಿನ ರಾಯರೇ ನೆಹರೂಗೆ ಕತ್ತರಿ ಕೊಟ್ಟರೇನೋ ಅಂದುಕೊಳ್ಳಬೇಕು; ಪಾಪ, ಆಗಿನ್ನೂ ಹುಟ್ಟಿರಲಿಲ್ಲ. ಇಂದಿನ ತಮ್ಮ ಮೆಚ್ಚಿನ ನಾಯಕರ ಮೂಗನ್ನು ಯಾರಾದರೂ ಉದ್ದ ಬರೆದರೆ ಮಾತ್ರ ಅದು ವ್ಯಂಗ್ಯಚಿತ್ರವಲ್ಲ, ಸಂಸ್ಕಾರಹೀನತೆ.

ಆರ್.ಕೆ. ಲಕ್ಷ್ಮಣ್ ಮೈಸೂರಿನಲ್ಲಿ ಓದುತ್ತಿದ್ದಾಗ ‘ಕೊರವಂಜಿ’ಗೆ ಬರೆದ ಚಿತ್ರಗಳೆಂದರೆ ರಾಯರಿಗೆ ಪ್ರಾಣ. ಮೊನ್ನೆ ಅಂಥದೊಂದು ಸಂಚಿಕೆ ಸಿಕ್ಕಿತು. ತುಕ್ಕು ಹಿಡಿದ ಪಿನ್ನು ಬಿಡಿಸಿ, ಉಸಿರು ಬಿಗಿಹಿಡಿದು ಪುಟ ತಿರುಗಿಸಿದರೆ ಚಿತ್ರವಿರಬೇಕಾದಲ್ಲಿ ಬ್ಲೇಡಿನಿಂದ ನಾಜೂಕಾಗಿ ಕೊಯ್ದ ಚೌಕ! ತೂತಿನಾಚೆ ಮುಂದಿನ ಪುಟದ ಕೂದಲೆಣ್ಣೆ ಜಾಹೀರಾತು ಇಣುಕುತ್ತಿತ್ತು.

“ಯಾವ ಪಾಪಿ ಮಾಡಿದ ಕೆಲಸ!” ರಾಯರು ತಲೆ ಚಚ್ಚಿಕೊಂಡರು.

“ಯಾರೋ ನಿಮ್ಮ ಥರದವರೇ ಜೋಪಾನ ಮಾಡಿರ್ತಾರೆ, ಬಿಡಿ,” ಅಂದರು ಒಳಗಿಂದ ಶ್ರೀಮತಿಯವರು.

ಅದು ಹೊಳೆದದ್ದೇ ತಡ, ರಾಯರು ಚೀಲ ಹಿಡಿದು ಹೊರಟರು. ಈಗ ಹಳೆ ಅಂಗಡಿಗಳಲ್ಲಿ ಅವರು ಕೇಳುವುದು ಪತ್ರಿಕೆಯನ್ನಲ್ಲ, ಕತ್ತರಿಸಿ ಅಂಟಿಸಿದ ಆಲ್ಬಮ್ಮುಗಳನ್ನು.